ತಿಳಿ ಚಹಾ ಮತ್ತು ಗಡಸು ನೀರು

ಕಳೆದ ವರ್ಷ ಮುಂಗಾರು ಇನ್ನೇನು ಹಿಡಿಯಬೇಕು ಎನ್ನುವ ದಿನಗಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶನಿವಾರ ನಮ್ಮೂರ ಹನುಮಪ್ಪನ ದರ್ಶನಕ್ಕೆಂದು ತುಳಸಿಗೇರಿಗೆ ಬಂದವನು, ಗುಡಿಯಿಂದ ನೇರವಾಗಿ ಮನೆಗೆ ಬಂದು ಕಾಲಿಗೆರಗಿದ. ಈಗ ಬೆಂಗಳೂರಿನಲ್ಲಿ ಯಾವುದೋ ಯಂತ್ರಭಾಗಗಳ ವ್ಯಾಪಾರದಲ್ಲಿದ್ದಾನೆ. ವರ್ಷಕ್ಕೊಮ್ಮೆ ಚೀನಾ ದೇಶಕ್ಕೆ ಹೋಗಿಬರುತ್ತಾನೆ. "ಸರ್, ನಿಮಗ ಸಕ್ರಿ ಕಾಯಿಲೆ ಅಂತ ಕೇಳಿದೆ. ಅದಕ್ಕ ಇದನ್ನ ತಂದೀನಿ" ಎಂದು ಒಂದು ತಗಡಿನ ಡಬ್ಬಿಯನ್ನು ಕೈಗಿಟ್ಟ. ಒಳಗೆ ನೂರು ಗ್ರಾಂ ಹಸಿರು ಚಹಾ. ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಲಾಂಗ್‌ಜಿಂಗ್. ಆ ಹೆಸರಿಗೆ ಅವರ ಭಾಷೆಯಲ್ಲಿ 'ಡ್ರ್ಯಾಗನ್ ಬಾವಿ' ಎಂಬ ಅರ್ಥವಂತೆ. ಬಾವಿಯ ಹೆಸರಿನ ಚಹಾ ನಮ್ಮ ಬಾವಿಯ ನೀರಿನ ಗುಣವನ್ನು ಬಯಲಿಗೆಳೆಯುತ್ತದೆಂದು ಅಂದು ನನಗೆ ಹೊಳೆದಿರಲಿಲ್ಲ.

ಸಕ್ಕರೆ ಕಾಯಿಲೆಯ ಮಾತು ಬಂದದ್ದರಿಂದ ಮೊದಲು ನನ್ನ ತಪ್ಪೊಪ್ಪಿಗೆಯಾಗಲಿ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ದಿನಕ್ಕೆ ಆರು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ, ಎಂದರೆ ಸುಮಾರು ಹತ್ತು ಗ್ರಾಂ ಸಕ್ಕರೆ. ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದ ನಾನು ಈ ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ. ದಿನಕ್ಕೆ 60 ಗ್ರಾಂ ಎಂದರೆ ವರ್ಷಕ್ಕೆ 22 ಕಿಲೋ ಆಗುತ್ತದೆ. ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯ ಜಿಲ್ಲೆಯವನಾಗಿ ಸಕ್ಕರೆಗೆ ನನ್ನ ಸೇವೆಯನ್ನು ಸಲ್ಲಿಸಿದ್ದೇನೆ ಎನ್ನಬಹುದು! ವೈದ್ಯರು ಸಕ್ಕರೆ ಬಿಡಿಸಿದರು. ಆದರೆ ಊರು ಬಿಡಿಸಲು ಒಪ್ಪಬೇಕಲ್ಲ. ನಮ್ಮ ಕಡೆ ಮನೆಗೆ ಬಂದವರು ಚಹಾ ಕುಡಿಯದೆ ಎದ್ದರೆ ಮನೆಯೊಡತಿಗೆ ಅವಮಾನ. ಕೊನೆಗೆ "ಅರ್ಧ ಕಪ್ಪರೆ ತಗೋರಿ ಸರ್" ಎಂದು ಬಶಿಗೆ ಸುರಿದು ಮುಂದಿಡುತ್ತಾರೆ. ಬೇಡವೆನ್ನಲು ನನಗೆ ಇನ್ನೂ ಬಂದಿಲ್ಲ.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ ನನ್ನಾಕೆ ಎಂದಿನಂತೆ ಪಾತ್ರೆಗೆ ಹಾಲು, ನೀರು, ಶುಂಠಿ ಹಾಕಿ, ಈ ಎಲೆಗಳನ್ನೂ ಹಾಕಿ, ಮೂರು ಸಲ ಉಕ್ಕಿಸಿ ತಂದಿಟ್ಟಳು. ಬಣ್ಣ ಏನೆಂದು ಹೇಳಲಿ? ಸುಣ್ಣದ ನೀರಿಗೆ ಸೊಪ್ಪು ಹಿಂಡಿದಂತಿತ್ತು. "ಇಷ್ಟು ದೂರದಿಂದ ಹೊತ್ತು ತಂದಾನ, ಪಾಪ" ಎಂದು ಅವಳು ಕನಿಕರಪಟ್ಟಳು. ಎರಡನೆಯ ದಿನ ನಾನೇ ಮುಂದಾಗಿ ಹಾಲು ಬಿಟ್ಟು, ಕುದಿಯುವ ನೀರಿಗೆ ಎಲೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟೆ. ಬೇವಿನ ಕಷಾಯವೂ ಅಷ್ಟು ಕಹಿಯಿರಲಾರದು. ವಿದ್ಯಾರ್ಥಿಗೆ ಫೋನು ಮಾಡಿದೆ. ಗುರುಗಳಿಗೆ ಪಾಠ ಹೇಳುವ ಸಂಕೋಚದಿಂದಲೇ ಅವನು ಹೇಳಿದ: "ಸರ್, ನೀರು ಕುದೀಬಾರದ್ರಿ. ಎಂಬತ್ತು ಡಿಗ್ರಿ ಸಾಕು. ಎರಡು ನಿಮಿಷಕ್ಕ ಕುಡೀಬೇಕು. ಗಾಜಿನ ಲೋಟದಾಗ ಮಾಡ್ರಿ, ಎಲೆ ಕಾಣಸ್ತಾವ."

ಇದರ ಕಾರಣ ತಿಳಿದಾಗ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತ. ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದವು. ಲಿನೇಯಸನಂಥ ಸಸ್ಯವಿಜ್ಞಾನಿಯೇ ಇವೆರಡನ್ನು ಬೇರೆ ಬೇರೆ ಜಾತಿಯೆಂದು ಹೆಸರಿಸಿದ್ದ. 1840ರ ದಶಕದಲ್ಲಿ ಚೀನಾದೊಳಗೆ ತಿರುಗಾಡಿದ ರಾಬರ್ಟ್ ಫಾರ್ಚೂನ್ ಎಂಬಾತ ಎರಡೂ ಒಂದೇ ಎಂಬುದನ್ನು ಪಾಶ್ಚಾತ್ಯರಿಗೆ ಮನವರಿಕೆ ಮಾಡಿಕೊಟ್ಟ. ಎಲೆಯನ್ನು ಜಜ್ಜಿ, ಗಾಳಿಗೆ ಬಿಟ್ಟು ಕಪ್ಪಾಗಿಸಿದರೆ ನಮ್ಮ ಚಹಾಪುಡಿ. ಕಿತ್ತ ಎಲೆಯನ್ನು ಹೆಚ್ಚು ಹೊತ್ತು ಬಿಡದೆ ಬಿಸಿ ಮಾಡಿ ಆ ಕ್ರಿಯೆಯನ್ನೇ ನಿಲ್ಲಿಸಿದರೆ ಹಸಿರು ಚಹಾ. ಜಪಾನೀಯರು ಇದಕ್ಕೆ ಹಬೆ ಬಳಸುತ್ತಾರೆ; ಹಾಂಗ್‌ಝೌದವರು ಕಬ್ಬಿಣದ ಬಾಣಲೆಯಲ್ಲಿ ಬರಿಗೈಯಿಂದ ಒತ್ತಿ ಒತ್ತಿ ಹುರಿಯುತ್ತಾರೆ. ಅದಕ್ಕೇ ಲಾಂಗ್‌ಜಿಂಗ್ ಎಲೆ ಚಪ್ಪಟೆಯಾಗಿರುತ್ತದೆ. ಏಪ್ರಿಲ್ 4 ಅಥವಾ 5ರಂದು ಬರುವ ಅವರ ಪಿತೃಪೂಜೆಯ ಹಬ್ಬಕ್ಕೆ ಮುನ್ನ ಕಿತ್ತ ಚಿಗುರಿಗೆ ಅತಿ ಹೆಚ್ಚಿನ ಬೆಲೆ. ನೀರು ಹೆಚ್ಚು ಬಿಸಿಯಾದಷ್ಟೂ ಎಲೆಯಲ್ಲಿನ ಕಹಿ, ಒಗರಿನ ಕ್ಯಾಟೆಚಿನ್‌ಗಳು ಹೆಚ್ಚಾಗಿ ಇಳಿಯುತ್ತವೆ. ಸವಿಯನ್ನು ಕೊಡುವ ಅಂಶವು ಅಷ್ಟು ಬಿಸಿಯಿಲ್ಲದ ನೀರಿನಲ್ಲೂ ಕರಗುತ್ತದೆ. ಕುದಿಸಿ ಕೆಡಿಸಿದ್ದು ನಾವೇ.

ಉಷ್ಣಮಾಪಕವಿಲ್ಲದವರು ಚಿಂತಿಸಬೇಕಿಲ್ಲ. ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಸುರಿದರೆ ಸಾಕು, ಬಿಸಿ ಇಳಿಯುತ್ತದೆ. ನಮ್ಮ ಹೋಟೆಲಿನವರು ಮಾರುದ್ದ ಎತ್ತಿ ಸುರಿಯುವುದನ್ನು ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ. (ಸಮುದ್ರಮಟ್ಟದಿಂದ ಸುಮಾರು ಐನೂರು ಮೀಟರ್ ಎತ್ತರದ ನಮ್ಮ ಕಡೆ ನೀರು ಕುದಿಯುವುದೇ ಹೆಚ್ಚುಕಡಿಮೆ 98 ಡಿಗ್ರಿಗೆ, ಎರಡು ಡಿಗ್ರಿಯ ರಿಯಾಯಿತಿ ಹುಟ್ಟಿನಿಂದಲೇ ದೊರಕಿದೆ.) ಒಂದು ಲೋಟಕ್ಕೆ ಮೂರು ಗ್ರಾಂ ಎಲೆ ಸಾಕು. ಅದೇ ಎಲೆಗೆ ಮೂರು ಸಲ ನೀರು ಹಾಕಬಹುದು.

ಮೂರನೆಯ ಪ್ರಯತ್ನದಲ್ಲಿ ಕಹಿ ಹೋಯಿತು. ಆದರೆ ರುಚಿಯೂ ಬರಲಿಲ್ಲ! ತಿಳಿ ಹಳದಿ ಇರಬೇಕಾದ ನೀರು ಮಬ್ಬಾಗಿ ಕಂದಿತು. ಬಾಯಿಗೆ ಸಪ್ಪೆ. ವಿದ್ಯಾರ್ಥಿ ಮೋಸಹೋಗಿದ್ದಾನೆಂದೇ ತಿಳಿದೆ. ಇದಾಗಿ ವಾರಕ್ಕೆ ಒಂದು ದೊಡ್ಡ ಮಳೆ ಬಂತು. ಮಾಳಿಗೆಯ ಕೊಳೆ ತೊಳೆದುಹೋಗುವಷ್ಟು ಹೊತ್ತು ಬಿಟ್ಟು, ಶುದ್ಧ ಕೊಡವೊಂದನ್ನು ಹಿಡಿದೆ. ಸೋಸಿ, ಕುದಿಸಿ, ಆರಿಸಿ, ಅದೇ ಎಲೆ ಹಾಕಿದೆ. ಲೋಟದಲ್ಲಿ ಎಳೆಯ ಹುಲ್ಲಿನ ಬಣ್ಣ ಮೂಡಿತು. ಮೂಗಿನ ಬಳಿ ಹಿಡಿದರೆ, ಚಳಿಗಾಲದಲ್ಲಿ ಹೊಲದ ಬದುವಿನಲ್ಲಿ ಕುಳಿತು ಹಸಿ ಜೋಳದ ತೆನೆ ಸುಟ್ಟು ಉಜ್ಜಿ ತಿನ್ನುವ ಸೀತನಿಯ ವಾಸನೆ! ಬಲ್ಲವರು ಇದನ್ನು ಹುರಿದ ಚೆಸ್ಟ್‌ನಟ್ ಕಾಯಿಗೆ ಹೋಲಿಸುತ್ತಾರಂತೆ. ನಾನು ಆ ಕಾಯಿಯನ್ನು ಕಂಡವನಲ್ಲ, ಸೀತನಿಯನ್ನು ಬಲ್ಲೆ. ನುಂಗಿದ ಮೇಲೆ ಗಂಟಲಲ್ಲಿ ಒಂದು ತೆಳು ಸಿಹಿ ಉಳಿಯಿತು. ಸಕ್ಕರೆಯಿಲ್ಲದ ಸಿಹಿಯೊಂದು ನನ್ನ ಪಾಲಿಗೆ ಇನ್ನೂ ಇದೆಯೆಂದು ತಿಳಿದು, ಸುಳ್ಳೇಕೆ ಹೇಳಲಿ, ಕಣ್ಣು ತೇವವಾಯಿತು.

ತಪ್ಪು ಎಲೆಯದಲ್ಲ, ನೀರಿನದು. ಎಂಟನೆಯ ಶತಮಾನದಲ್ಲಿ ಚಹಾದ ಬಗೆಗೆ ಗ್ರಂಥ ಬರೆದ ಲು ಯು ಎಂಬ ಚೀನೀ ಪಂಡಿತನು ಬೆಟ್ಟದ ಚಿಲುಮೆಯ ನೀರನ್ನು ಉತ್ತಮವೆಂದೂ ನದಿಯ ನೀರನ್ನು ಮಧ್ಯಮವೆಂದೂ ಬಾವಿಯ ನೀರನ್ನು ಕೊನೆಯದೆಂದೂ ಹೇಳಿದ್ದಾನೆ. ಶುಂಠಿ, ಈರುಳ್ಳಿ, ಪುದೀನ ಹಾಕಿ ಕುದಿಸುವ ತನ್ನ ಕಾಲದವರ ಚಹಾವನ್ನು ಚರಂಡಿಯ ನೀರಿಗೆ ಹೋಲಿಸಿ ಬೈದಿದ್ದಾನೆ. ನನ್ನಾಕೆಗೆ ಇದನ್ನು ಹೇಳಿದಾಗ, "ಅವ ನಮ್ಮ ಮನಿಗೆ ಬಂದಿಲ್ಲ ಬಿಡ್ರಿ" ಎಂದಳು. ಲಾಂಗ್‌ಜಿಂಗ್‌ಗೆ ಹಾಂಗ್‌ಝೌದವರು ಹೂಪಾವ್ ಎಂಬ ಚಿಲುಮೆಯ ನೀರನ್ನೇ ಬಯಸುತ್ತಾರೆ. ನಮಗೂ ಬಾದಾಮಿಯ ಬಳಿ ಮಹಾಕೂಟದಲ್ಲಿ ಬತ್ತದ ಚಿಲುಮೆಯಿದೆ. ಆದರೆ ಅದರ ಪುಷ್ಕರಿಣಿಯಲ್ಲಿ ಹುಡುಗರು ಈಜು ಬೀಳುವುದನ್ನು ಕಂಡ ಮೇಲೆ ಬಾಟಲಿ ತುಂಬಿಸುವ ಆಸೆ ಕೈಬಿಟ್ಟೆ.

ನಮ್ಮ ನೀರಿಗೇನಾಗಿದೆ? ಬಾಗಲಕೋಟೆಯಿಂದ ಕಲಾದಗಿಯತ್ತ ಹೋಗುವ ದಾರಿಯ ಊರು ನಮ್ಮದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ಈ ಭಾಗದ ಶಿಲಾಸಮೂಹಕ್ಕೆ ಕಲಾದಗಿಯ ಹೆಸರನ್ನೇ ಇಟ್ಟ. ಅದರಲ್ಲಿ ಸುಣ್ಣದ ಕಲ್ಲು ಹೇರಳ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ಆ ಕಲ್ಲಿನ ನಡುವೆ ಹಾದುಬರುವ ನೀರು ಗಡಸಾಗದೆ ಇರುವುದೆಂತು? ಪಾತ್ರೆಯ ತಳಕ್ಕೆ ಬಿಳಿಯ ಪದರ ಕಟ್ಟುವುದು, ಬೇಳೆ ಬೇಯದಿರುವುದು, ಸಾಬೂನು ನೊರೆ ಬಿಡದಿರುವುದು, ಇವೆಲ್ಲ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿದ್ದದ್ದೇ. 'ಸವಳು ನೀರು' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಾನು ಒಂಬತ್ತನೆಯ ತರಗತಿಗೆ ಗಡಸು ನೀರಿನ ಪಾಠವನ್ನು ಅದೆಷ್ಟು ಸಲ ಮಾಡಿದೆನೋ! ನಮ್ಮ ಹಿತ್ತಲ ಕೊಳವೆಬಾವಿಗೂ ಆ ಪಾಠಕ್ಕೂ ಗಂಟು ಹಾಕಿದ್ದು ನಿವೃತ್ತನಾದ ಮೇಲೆ, ಒಂದು ಲೋಟ ಚೀನೀ ಚಹಾದ ದೆಸೆಯಿಂದ.

ಇಲ್ಲಿ ನಮ್ಮ ಹಾಲುಚಹಾದ ಪರವಾಗಿಯೂ ಒಂದು ಮಾತು ಹೇಳಬೇಕು. ಹಸಿರು ಚಹಾ ಕುಡಿಯಲು ಕಲಿತವರು ಮರುದಿನದಿಂದಲೇ ನಮ್ಮ ಖಡಕ್ ಚಹಾವನ್ನು ಹೀಗಳೆಯುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ಎಲೆಯನ್ನು ಹಿಂಡಿ ಹರಿದು ಉಂಡೆಗಟ್ಟಿಸುವ ಸಿಟಿಸಿ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಸ್ವಲ್ಪ ಪುಡಿಗೆ ಬಹಳ ಬಣ್ಣ ಬಿಡುವ ಆ ಚಹಾ ಬಡವನ ಕಿಸೆಗೂ ಹೊಂದಿತು, ಗಡಸು ನೀರಿಗೂ ಹೊಂದಿತು. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಡುತ್ತದೆ, ಸಕ್ಕರೆ ಉಳಿದದ್ದನ್ನು ಮುಚ್ಚುತ್ತದೆ. ಹೊಲದಲ್ಲಿ ದುಡಿದು ಬಂದವನಿಗೆ ಅದೊಂದು ಸಣ್ಣ ಊಟವೇ. ಮೈಸೂರಿನ ಕಡೆಯವರು 'ಟೀ' ಎನ್ನುತ್ತಾರೆ, ಅದು ಚೀನಾದ ಆಗ್ನೇಯ ಕರಾವಳಿಯ 'ತೆ' ಎಂಬ ನುಡಿ ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ಬಂದದ್ದು. ನಾವು ಮುಂಬಯಿ ಕರ್ನಾಟಕದವರು 'ಚಹಾ' ಎನ್ನುತ್ತೇವೆ. ಚೀನೀಯರ 'ಚಾ' ಶಬ್ದಕ್ಕೆ ನಾವೇ ಹತ್ತಿರದವರು. ಹೆಸರನ್ನು ಉಳಿಸಿಕೊಂಡು ಪದಾರ್ಥವನ್ನು ನಮ್ಮಂತೆ ಮಾಡಿಕೊಂಡೆವು, ಅಷ್ಟೆ. ಆದರೆ ಹಾಲು ಸಕ್ಕರೆಗಳು ನಮ್ಮ ನೀರಿನ ಅವಗುಣವನ್ನೂ ಇಷ್ಟು ವರ್ಷ ಮುಚ್ಚಿಟ್ಟವಲ್ಲ ಎಂಬುದೇ ನನ್ನ ಕೊರಗು.

ಗಾಂಧೀಜಿಯವರು 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗೆಗೆ ಬರೆದ ಪುಸ್ತಕದಲ್ಲಿ ಚಹಾವನ್ನು ನಿಷ್ಠುರವಾಗಿ ಖಂಡಿಸಿದ್ದು ಬಹಳ ಜನರಿಗೆ ಗೊತ್ತು. ಅದೇ ಪುಸ್ತಕದಲ್ಲಿ, ಚೀನೀಯರು ನೀರು ಕುದಿದಿದೆಯೇ ಎಂದು ತಿಳಿಯಲು ಸ್ವಲ್ಪವೇ ಎಲೆ ಹಾಕಿ ಹೊಂಬಣ್ಣ ಬರಿಸಿಕೊಳ್ಳುತ್ತಿದ್ದರೆಂದೂ ಹಾಗೆ ಮಾಡಿದ ಚಹಾದಿಂದ ಹಾನಿಯಿಲ್ಲವೆನ್ನುತ್ತಾರೆಂದೂ ಬರೆದಿರುವುದು ಅಷ್ಟಾಗಿ ಗೊತ್ತಿಲ್ಲ. ನೀರನ್ನು ಪರೀಕ್ಷಿಸುವ ಉಪಾಯವಾಗಿ ಚಹಾ! ನನಗೆ ಆದದ್ದೂ ಅದೇ ಅಲ್ಲವೇ?

ಇನ್ನು ಹಸಿರು ಚಹಾವನ್ನು ಔಷಧವೆಂದು ಮಾರುವವರ ಬಗೆಗೆ. ಬಾಗಲಕೋಟೆಯ ಅಂಗಡಿಗಳಲ್ಲಿ ದಾರ ಕಟ್ಟಿದ ಪೊಟ್ಟಣಗಳಲ್ಲಿ ಅದು ಸಿಗುತ್ತದೆ. ಡಬ್ಬಿಯ ಮೇಲೆ ಸಪೂರ ಸೊಂಟದ ಚಿತ್ರ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಊಟವಾದ ತಕ್ಷಣ ಅದನ್ನು ಕುದಿಸಿ ಮೂಗು ಹಿಡಿದು ಕುಡಿಯುತ್ತಿದ್ದಳು. ಮೊದಲೇ ರಕ್ತಹೀನತೆಯವಳು. ಚಹಾ ಯಾವುದಾದರೂ ಸರಿ, ಊಟದೊಡನೆ ಕುಡಿದರೆ ಕಾಳು, ಸೊಪ್ಪುಗಳಲ್ಲಿನ ಕಬ್ಬಿಣಾಂಶ ಮೈಗೆ ಸೇರುವುದನ್ನು ತಡೆಯುತ್ತದೆ. ತೂಕ ಇಳಿಯುವ ಮಾತಂತೂ, ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹೇಳಿಕೊಳ್ಳುವಂಥ ಪ್ರಯೋಜನವನ್ನು ಕಾಣಲಿಲ್ಲ. ಅದರ ಸಾರದಿಂದ ಮಾಡಿದ ಗುಳಿಗೆಗಳು ಹೆಚ್ಚಾದರೆ ಯಕೃತ್ತಿಗೆ ತೊಂದರೆಯೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ನನ್ನ ಸಕ್ಕರೆ ಕಾಯಿಲೆ ಈ ಎಲೆಯಿಂದ ಗುಣವಾಗಿಲ್ಲ. ದಿನಕ್ಕೆ ಎರಡು ಸಕ್ಕರೆಚಹಾದ ಜಾಗವನ್ನು ಅದು ಆಕ್ರಮಿಸಿತು, ಲಾಭ ಅಷ್ಟೇ. ರುಚಿಗಾಗಿ ಕುಡಿಯುವುದಾದರೆ ಕುಡಿಯಿರಿ. ಚೀನಾದಿಂದಲೇ ಬರಬೇಕೆಂದಿಲ್ಲ, ಕಾಂಗ್ರಾ ಕಣಿವೆಯಲ್ಲೂ ನೀಲಗಿರಿಯಲ್ಲೂ ಹಸಿರು ಚಹಾ ತಯಾರಾಗುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ನೀರೇ. ಗಡಸುತನ ನಾಲಗೆಗೆ ತಿಳಿಯುತ್ತದೆ, ಆದರೆ ಫ್ಲೋರೈಡ್ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯ ಹುನಗುಂದದ ಕಡೆಯ ಕೆಲವು ಊರುಗಳ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿರುವುದು ಹಳೆಯ ಸಂಗತಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಚಿಗುರಿನಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಅಂಥ ಊರಿನಲ್ಲಿ ಅಗ್ಗದ ಪುಡಿಯನ್ನು ಅರ್ಧ ತಾಸು ಕುದಿಸಿ ದಿನಕ್ಕೆ ಎಂಟು ಕಪ್ಪು ಕುಡಿಯುವವನ ಹಲ್ಲು, ಮೊಣಕಾಲುಗಳ ಗತಿಯನ್ನು ಯೋಚಿಸಿ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ನೀರಿನ ಪರೀಕ್ಷೆಯ ಕಿಟ್ಟುಗಳನ್ನು ಹಳ್ಳಿಗಳಿಗೆ ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡು ಇದೆ. ಒಳ್ಳೆಯದೇ. ನಾನು ಕೇಳುವುದು ಒಂದೇ: ಆ ಫಲಿತಾಂಶ ಕಡತದಲ್ಲಿ ಉಳಿಯದೆ ಗೋಡೆಯ ಮೇಲೆ ಬರಲಿ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಮುಂದೆ, ಶಾಲೆಯ ಮುಂದೆ, ಗುಡಿಯ ನಲ್ಲಿಯ ಬಳಿ ಒಂದು ಕಪ್ಪು ಹಲಗೆ ಇರಲಿ. ಗಡಸುತನ ಇಷ್ಟು, ಫ್ಲೋರೈಡ್ ಇಷ್ಟು, ಪರೀಕ್ಷಿಸಿದ ದಿನಾಂಕ ಇದು ಎಂದು ಪ್ರೌಢಶಾಲೆಯ ಮಕ್ಕಳೇ ಬರೆಯಲಿ. ಸುಣ್ಣದ ಕಡ್ಡಿಗೆ ಎಷ್ಟು ಖರ್ಚು? ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಘಟಕ ಕೆಟ್ಟು ತಿಂಗಳುಗಟ್ಟಲೆ ಆದರೂ ಯಾರೂ ಕೇಳಲಿಲ್ಲ. ಜನ ಮತ್ತೆ ಕೊಳವೆಬಾವಿಗೆ ಹೋದರು, ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಂಡರು.

ಮಳೆಗಾಲ ಮುಗಿದ ಮೇಲೆ ನನಗೊಂದು ಉಪಾಯ ನೆನಪಾಯಿತು, ಅದೂ ಅದೇ ಒಂಬತ್ತನೆಯ ತರಗತಿಯ ಪಾಠದಿಂದ. ನೀರನ್ನು ರಾತ್ರಿ ಚೆನ್ನಾಗಿ ಕುದಿಸಿ ಅಲುಗಿಸದೆ ಇಟ್ಟರೆ ತಾತ್ಕಾಲಿಕ ಗಡಸುತನದ ಸುಣ್ಣ ತಳಕ್ಕಿಳಿಯುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದು, ಹದವಾಗಿ ಕಾಯಿಸಿ ಎಲೆ ಹಾಕಬೇಕು. ಮಳೆನೀರಿನಷ್ಟಲ್ಲದಿದ್ದರೂ ಸೀತನಿಯ ವಾಸನೆ ಬರುತ್ತದೆ. ನನ್ನ ಜೊತೆಗೆ ಕೆಲಸ ಮಾಡಿದ ಕನ್ನಡದ ಮೇಷ್ಟ್ರು ಬಂದಾಗ ಹೀಗೆ ಮಾಡಿ ಕೊಟ್ಟೆ. ಬಶಿಗೆ ಸುರಿದುಕೊಂಡು ಸೊರ್ರೆಂದು ಹೀರಿ, ಬಹಳ ಹೊತ್ತು ಸುಮ್ಮನಿದ್ದು, "ಚೊಲೋ ಐತ್ರಿ. ಆದ್ರ ಚಹಾ ಯಾವಾಗ ಕೊಡ್ತೀರಿ?" ಎಂದರು. ನನ್ನಾಕೆ ಒಳಗಿನಿಂದ ನಗುತ್ತಲೇ ಹಾಲಿಗೆ ಶುಂಠಿ ಜಜ್ಜಿದಳು.

ಡಬ್ಬಿ ಸಂಕ್ರಾಂತಿಯ ಹೊತ್ತಿಗೆ ಖಾಲಿಯಾಯಿತು. ಚಂದದ ಡಬ್ಬಿಯೆಂದು ಅವಳು ಅದರಲ್ಲಿ ಏಲಕ್ಕಿ ತುಂಬಿಟ್ಟಿದ್ದಾಳೆ.