ಹಿತ್ತಲ ವಿಚಾರ: ಸೋವಿಯ ಗಿಡ, ತುಟ್ಟಿಯ ಗಿಡ

ಮನೆ ಕಟ್ಟಿಸಿ ಮುಗಿಸುವಷ್ಟರಲ್ಲಿ ಗೃಹಸ್ಥನ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆಗ ಹಿತ್ತಲು ಬರಿದಾಗಿ ಉಳಿಯುತ್ತದೆ. ಬಚ್ಚಲ ನೀರು ಹರಿಯುವ ಮೂಲೆ, ಬಾವಿಯ ಸುತ್ತು, ಬೇಲಿಯ ಸಾಲು ಇವೆಲ್ಲ ಹಸುರಿಗಾಗಿ ಕಾದಿರುತ್ತವೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ಕಡೆಗಳ ವಾಚಕರಿಗೆ ಕಡಿಮೆ ವೆಚ್ಚದಲ್ಲಿ ಪೊದೆಗಿಡಗಳನ್ನು ಒದಗಿಸಿಕೊಳ್ಳುವ ಬಗೆ ಯಾವುದೆಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ನಮ್ಮ ಅವಿವೇಕವನ್ನೇ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಹಳಿಯಾಳದಲ್ಲಿ ನಾವು ಬಿಡಾರ ಮಾಡಿದ್ದಾಗ, ಬೇಸಿಗೆಯ ಆರಂಭದಲ್ಲಿ ಬಾಗಿಲಿಗೆ ಬಂದ ಗಾಡಿಯಿಂದ ಹನ್ನೆರಡು ಹೂಗಿಡಗಳನ್ನು ಕೊಂಡೆವು. ಮೇ ತಿಂಗಳ ಬಿಸಿಲಿಗೆ ಒಂಬತ್ತು ಒಣಗಿದವು. ಉಳಿದ ಮೂರು ಮಾತ್ರ ಹಳದಿ, ಕೆಂಪು ಬಣ್ಣಗಳ ಸಣ್ಣ ಹೂಗೊಂಚಲುಗಳನ್ನು ತಳೆದು ನಮಗೆ ಸಂತೋಷವನ್ನುಂಟುಮಾಡಿದವು. ಊರವರೆಲ್ಲ ‘ಆಯಿ’ ಎಂದು ಕರೆಯುತ್ತಿದ್ದ ನೆರೆಮನೆಯ ವೃದ್ಧೆ ಅವನ್ನು ಕಂಡು ನಕ್ಕುಬಿಟ್ಟರು: “ಇದಕ್ಕೂ ರೊಕ್ಕಾ ಕೊಟ್ಟೀಯೇನೋ ತಮ್ಮಾ? ಇದು ನಮ್ಮ ಗುಡ್ಡದಾಗಿನ ಚದುರಂಗ ಅಲ್ಲೇನೋ!”

ಆಯಿಯ ಮಾತು ನಿಜವಾಗಿತ್ತು. ಆ ಚದುರಂಗವೆಂದರೆ ಲಂಟಾನ. ಅಮೇರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಾರ್ಥವಾಗಿ ತಂದರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ದೂರದೂರಕ್ಕೆ ಒಯ್ದವು. ಉದ್ಯಾನದ ಅತಿಥಿಯು ಕಾಡಿಗೆ ಒಡೆಯನಾದನು. ಲಂಟಾನ ಹಬ್ಬಿದ ನೆಲದಲ್ಲಿ ಹುಲ್ಲು ಏಳಲಾರದು; ಹುಲ್ಲಿಲ್ಲದ ಮೇಲೆ ಜಿಂಕೆಗೂ ಕಾಡುಕೋಣಕ್ಕೂ ಮೇವೆಲ್ಲಿ? ಹಸಿದ ದನವು ಅದರ ಎಲೆಯನ್ನು ಮೆದ್ದರೆ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮವು ಒಡೆಯುತ್ತದೆ. ದಾಂಡೇಲಿ, ಅಣಶಿಯ ಅರಣ್ಯಗಳು 2007ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾಯಿತು. ಅಂತಹ ಕಾಡಿನ ಮಗ್ಗುಲಲ್ಲಿ ವಾಸಿಸುವ ನಮ್ಮ ಹಿತ್ತಲಿಗೆ ಬೇಲಿಯುಂಟು, ಹಕ್ಕಿಗೆ ಬೇಲಿಯಿಲ್ಲ. ಆದುದರಿಂದ ಗಿಡದ ಬೆಲೆಯನ್ನು ಕೊಳ್ಳುವ ದಿನ ಕೊಟ್ಟ ಹಣದಿಂದ ಮಾತ್ರವೇ ಅಳೆಯತಕ್ಕದ್ದಲ್ಲ. ಆ ಮೂರು ಗಿಡಗಳನ್ನು ನಾವು ಅಂದೇ ಬೇರುಸಹಿತ ಕಿತ್ತು ಸುಟ್ಟೆವು.

ಹಾಗಾದರೆ ಮಾಡತಕ್ಕದ್ದೇನು? ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯುಂಟಷ್ಟೆ. ನೆರೆಮನೆಯ ಗಿಡ ಅಲಂಕಾರವಲ್ಲವೆಂದೂ ನಾವು ಭಾವಿಸುತ್ತೇವೆ. ಅದು ತಪ್ಪು. ಮೊದಲ ಮಳೆ ಬಿದ್ದ ಮೇಲೆ ಆಯಿ ತಮ್ಮ ಹಿತ್ತಲಿನ ದಾಸವಾಳ, ನಂದಿಬಟ್ಟಲು, ಆಡುಸೋಗೆಗಳ ಟೊಂಗೆಗಳನ್ನು ಕಡಿದು ಸೆರಗಿನ ತುಂಬ ತಂದುಕೊಟ್ಟರು. ಒಂದು ಪೈಸೆಯ ವೆಚ್ಚವಿರಲಿಲ್ಲ.

ವಿಧಾನವು ಸುಲಭವಾದುದು. ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ, ಪೆನ್ಸಿಲಿನಷ್ಟು ದಪ್ಪನಾದ ಟೊಂಗೆಯನ್ನು ಗೇಣುದ್ದಕ್ಕೆ, ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ತುದಿಯ ಎರಡು ಎಲೆಗಳನ್ನುಳಿಸಿ ಮಿಕ್ಕವನ್ನು ತೆಗೆಯಬೇಕು. ಕೆಮ್ಮಣ್ಣು, ಮರಳು, ಕಳಿತ ಸಗಣಿಗೊಬ್ಬರಗಳನ್ನು ಸಮನಾಗಿ ಬೆರಸಿ, ತಳಕ್ಕೆ ತೂತು ಮಾಡಿದ ಹಾಲಿನ ಪೊಟ್ಟಣದಲ್ಲಿ ತುಂಬಿ, ಎರಡು ಗಣ್ಣು ಮಣ್ಣೊಳಗಿರುವಂತೆ ನೆಡಬೇಕು. ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ. ಎಲ್ಲವೂ ಚಿಗುರಲಾರವು, ಆದುದರಿಂದ ಹತ್ತು ಬೇಕಾದಲ್ಲಿ ಹದಿನೈದನ್ನು ನೆಡುವುದು ಜಾಣತನ.

ಬೇಲಿಯ ಸಾಲಿಗೆ ಆಡುಸೋಗೆ, ಲಕ್ಕಿ ಗಿಡಗಳು ಉತ್ತಮ. ದನಗಳು ಇವನ್ನು ಮುಟ್ಟುವುದಿಲ್ಲ. ಮುಳ್ಳಿನ ಬೇಲಿ ಬೇಕೆನ್ನುವವರು ಕವಳಿಯ ಹಣ್ಣಿನ ಬೀಜವನ್ನು ಬಿತ್ತಿದರೆ ಮುಂದೆ ಉಪ್ಪಿನಕಾಯಿಗೂ ಒದಗೀತು. ಮುಂಬಾಗಿಲಿಗೆ ಕೇಪಳವು ಶೋಭಿಸುತ್ತದೆ. ಗೃಹಿಣಿಯರ ಮುಡಿಗೆ ಅಬ್ಬಲಿಗೆ ಬೀಜದಿಂದಲೇ ಹುಟ್ಟುತ್ತದೆ. ಬಚ್ಚಲ ಹತ್ತಿರ ಕರಿಬೇವನ್ನು ನೆಡಬಹುದು. ಅದರ ಬೀಜವನ್ನು ಹಣ್ಣಾದೊಡನೆಯೇ ಬಿತ್ತಬೇಕು, ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಕುಂದುತ್ತದೆ. ಕಣಗಿಲೆಯು ಅಂದವಾದುದಾದರೂ ಸರ್ವಾಂಗವೂ ವಿಷಮಯ. ಮಕ್ಕಳೂ ದನಕರುಗಳೂ ಇರುವ ಮನೆಗೆ ಅದು ಬೇಡ.

ಸ್ಥಳಭೇದವನ್ನೂ ನೆನಪಿಡಬೇಕು. ಜೋಯಿಡಾದ ಘಟ್ಟದ ಮಗ್ಗುಲಿನಲ್ಲಿ ಮಳೆ ಬಹಳ. ಅಲ್ಲಿ ಮಣ್ಣನ್ನು ದಿಬ್ಬವಾಗಿ ಏರಿಸಿ ನೆಡದಿದ್ದರೆ ಬೇರು ಕೊಳೆಯುತ್ತದೆ. ಹಳಿಯಾಳ, ಮುಂಡಗೋಡಗಳಲ್ಲಿ ಮಳೆ ಅಷ್ಟಿಲ್ಲ. ಒಂದೂವರೆ ಅಡಿಯ ಗುಂಡಿಯಲ್ಲಿ ನೆಟ್ಟು, ಸುತ್ತಲೂ ಪಾತಿ ಮಾಡಿ, ಮಳೆಗಾಲ ಕಳೆದೊಡನೆ ಬುಡಕ್ಕೆ ಒಣ ಎಲೆಯನ್ನು ಹೊದಿಸಬೇಕು.

ಕೊಳ್ಳಲೇಬೇಕೆಂದಿದ್ದರೆ ಮೊದಲು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸುವುದು ಲೇಸು. ಅರಣ್ಯ ಇಲಾಖೆಯವರೂ ಮಳೆಗಾಲದ ಆರಂಭದಲ್ಲಿ ರಿಯಾಯತಿ ದರದಲ್ಲಿ ಸಸಿಗಳನ್ನು ಮಾರುತ್ತಾರೆ. ಆದರೆ ಅಲ್ಲಿ ದೊರೆಯುವವು ಹೆಚ್ಚಾಗಿ ಮರದ ಸಸಿಗಳು. ಸಣ್ಣ ಹಿತ್ತಲಿಗೆ ಸಾಗುವಾನಿಯನ್ನು ತಂದು ಆಮೇಲೆ ಪಶ್ಚಾತ್ತಾಪಪಡಬಾರದು. ಕಾಡಿನೊಳಕ್ಕೆ ಹೋಗಿ ಗಿಡ ಕಿತ್ತು ತರುವ ಯೋಚನೆಯಂತೂ ಸರ್ವಥಾ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಭಯಾರಣ್ಯದಿಂದ ಅಪ್ಪಣೆಯಿಲ್ಲದೆ ಏನನ್ನೂ ತರಕೂಡದು. ಕಾಯಿದೆಯ ಭಯವಿಲ್ಲದಿದ್ದರೂ ನೆರೆಯವನ ಸೊತ್ತು ನಮ್ಮದಲ್ಲ.

ಆಯಿ ಈಗಿಲ್ಲ. ಅವರು ಕೊಟ್ಟ ದಾಸವಾಳದ ಸಂತತಿಯು ಮಾತ್ರ ನಮ್ಮ ಹಿತ್ತಲಿನಿಂದ ಇನ್ನೂ ಏಳು ಮನೆಗಳಿಗೆ ಹೋಗಿದೆ. ಈ ಮಳೆಗಾಲದಲ್ಲಿ ವಾಚಕರು ಪೇಟೆಗೆ ಹೊರಡುವ ಮುನ್ನ ಒಮ್ಮೆ ನೆರೆಮನೆಯ ಬಾಗಿಲನ್ನು ತಟ್ಟಲಿ. ಮುಂದೆ ಅವರ ಬಾಗಿಲನ್ನು ಯಾರಾದರೂ ತಟ್ಟಿದಾಗ ಕತ್ತಿಯನ್ನು ಹಿಡಿದು ಸಂತೋಷದಿಂದ ಹಿತ್ತಲಿಗೆ ನಡೆಯಲಿ.