ಪಳಗದ ಪಿಸ್ತೂಲು ಎಂಬ ನೆಪ

ಗಾಳಿಬೀಡಿನಲ್ಲಿ ಮಳೆ ಹಿಡಿಯಿತೆಂದರೆ ಉಪ್ಪಿನ ಡಬ್ಬಿಯಿಂದ ದೇವರ ಪಟದವರೆಗೆ ಯಾವುದೂ ಒಣಗಿರುವುದಿಲ್ಲ. ಪುಸ್ತಕದ ರಟ್ಟಿಗೆ ಬೂಷ್ಟು, ಕತ್ತಿಗೆ ತುಕ್ಕು, ಬೀಗಕ್ಕೆ ಮುನಿಸು. ಇಂಥ ಊರಿನಲ್ಲಿ ಕಬ್ಬಿಣದ ವಸ್ತುವೊಂದನ್ನು ನಂಬಿ ಬದುಕಬೇಕೆಂದರೆ ಅದನ್ನು ನೋಡಿಕೊಳ್ಳಬೇಕು ಎಂಬುದು ಇಲ್ಲಿನ ಯಾವ ಅಜ್ಜಿಗೂ ಗೊತ್ತು. ಗೊತ್ತಿಲ್ಲದಿರುವುದು ದುಬಾರಿ ಪಿಸ್ತೂಲು ಮಾರುವವರಿಗೆ ಮಾತ್ರ. ಅವರ ಪ್ರಕಾರ ಕಬ್ಬಿಣವನ್ನು ಪಳಗಿಸಬೇಕು.

ನನ್ನ ಮಾವ ಸೈನ್ಯದಿಂದ ನಿವೃತ್ತರಾಗಿ ಬಂದವರು. ಕೆಲವು ವರ್ಷಗಳ ಹಿಂದೆ ಪರವಾನಗಿ ಪಡೆದು, ಒಂದು ಕಾಫಿ ಫಸಲಿನ ದುಡ್ಡನ್ನೆಲ್ಲ ಸುರಿದು, ಯೂರೋಪಿನಲ್ಲಿ ತಯಾರಾದ ಹಳೆಯ .32 ಪಿಸ್ತೂಲೊಂದನ್ನು ಕೊಂಡರು. ಯಾವ ಕಂಪನಿಯದು, ಯಾರು ಮಾರಿದರು ಎಂಬುದು ಇಲ್ಲಿ ಬೇಡ. ರೇಂಜಿಗೆ ಒಯ್ದು ಹೊಡೆದರೆ ಎರಡು ಗುಂಡು ಸಲೀಸಾಗಿ ಹೋದವು, ಮೂರನೆಯದು ಅರ್ಧದಲ್ಲಿ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹೊಡೆದರೂ ಅದೇ ಕಥೆ. ಮಾರಿದವನಿಗೆ ಫೋನ್ ಮಾಡಿದಾಗ ಬಂದ ಉತ್ತರ: 'ಸಾರ್, ಒಳ್ಳೆಯ ಪಿಸ್ತೂಲು ಅಂದರೆ ಹಾಗೇ, ಬಿಗಿಯಾಗಿರುತ್ತದೆ. ಇದು ಬೀರುವಿನಲ್ಲೇ ಇದ್ದದ್ದು, ಇನ್ನೂ ಪಳಗಿಲ್ಲ. ಇನ್ನೂರು ಗುಂಡು ಹೊಡೆಯಿರಿ, ತಾನೇ ಸರಿಹೋಗುತ್ತದೆ.'

ನಲವತ್ತು ವರ್ಷದ ಮುದುಕ ಪಿಸ್ತೂಲು ಇನ್ನೂ ಪಳಗಿಲ್ಲವಂತೆ! ಮಾವ ಅದನ್ನು ನಂಬಿಬಿಟ್ಟರು ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ಇಡೀ ಆಯುಷ್ಯ ಬಂದೂಕು ಹಿಡಿದಿದ್ದ ಮನುಷ್ಯ, ದುಡ್ಡು ಕೊಟ್ಟ ಕ್ಷಣದಿಂದ ಆ ವಸ್ತುವಿನ ಪರ ವಕೀಲರಾಗಿಬಿಟ್ಟಿದ್ದರು. ಹೆಚ್ಚು ಬೆಲೆ ತೆತ್ತವನಿಗೆ ಬರುವ ಕಾಯಿಲೆ ಇದು. ಸಾವಿರದ ವಸ್ತು ಕೆಟ್ಟರೆ ಅಂಗಡಿಯವನನ್ನು ಬೈಯುತ್ತೇವೆ, ಲಕ್ಷದ್ದು ಕೆಟ್ಟರೆ ನಮ್ಮ ಕೈಯನ್ನೇ ಅನುಮಾನಿಸುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದದ್ದು ಹಳೆಯ ಗಾದೆ. ಇಲ್ಲಿ ಡೊಂಕು ನೆಲವೇ ಎದ್ದು ನಿಂತು 'ನಿನಗೆ ಕುಣಿಯಲು ಬರುವುದಿಲ್ಲ' ಎನ್ನುತ್ತಿದೆ.

ಸಾಹಿತ್ಯ ಓದುವವರಿಗೆ ಪಿಸ್ತೂಲಿನ ಗೊಡವೆ ಯಾಕೆ ಎನ್ನಬೇಡಿ. ಜಗಳ ಇರುವುದೇ ಒಂದು ಪದದ ಮೇಲೆ. 'ಪಳಗಿಸು' ಎಂಬುದು ಜೀವ ಇರುವುದಕ್ಕೆ ಸಲ್ಲುವ ಮಾತು. ದುಬಾರೆಯಲ್ಲಿ ಆನೆಯನ್ನು ಪಳಗಿಸುತ್ತಾರೆ. ಅದಕ್ಕೆ ಭಯವಿದೆ, ನೆನಪಿದೆ, ಬೆಲ್ಲದ ಆಸೆಯಿದೆ. ಹೊಸ ಚಪ್ಪಲಿ ಕಚ್ಚುತ್ತದೆ, ಆಮೇಲೆ ಒಗ್ಗುತ್ತದೆ. ಚರ್ಮ ಪಾದದ ಆಕಾರ ಕಲಿಯುತ್ತದೆ. ಉಕ್ಕಿಗೆ ಏನನ್ನೂ ಕಲಿಯುವ ಗುಣವಿಲ್ಲ, ಅದು ಸವೆಯುತ್ತದೆ ಅಷ್ಟೆ. ಸವೆತವನ್ನು ಪಳಗುವಿಕೆ ಎಂದು ಕರೆದ ಕೂಡಲೇ ತಯಾರಿಕೆಯ ದೋಷ ಒಂದು ಸ್ವಭಾವವಾಗಿಬಿಡುತ್ತದೆ, ಸ್ವಭಾವವನ್ನು ತಿದ್ದುವ ಹೊಣೆ ಕೊಂಡವನ ಹೆಗಲಿಗೆ ಬೀಳುತ್ತದೆ.

ಪಿಸ್ತೂಲಿನೊಳಗೆ ನಡೆಯುವುದೇನು ಎಂದು ಒಮ್ಮೆ ನೋಡೋಣ. ಗುಂಡು ಹಾರಿದಾಗ ಅದೇ ಸ್ಫೋಟದ ಬಲ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ಕೊಕ್ಕೆ ಖಾಲಿ ತೋಟಾವನ್ನು ನಳಿಗೆಯಿಂದ ಎಳೆಯುತ್ತದೆ, ಒಂದು ಮೊಳೆಯಂಥ ಭಾಗ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ದೂಡುವಾಗ ಮ್ಯಾಗಜಿನ್ನಿನ (ನೀವು ಈಗ ಓದುತ್ತಿರುವ ಮ್ಯಾಗಜಿನ್ ಅಲ್ಲ) ತುದಿಯಿಂದ ಮುಂದಿನ ತೋಟಾ ಜಾರಿ ನಳಿಗೆ ಸೇರುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಇದೆಲ್ಲ ಮುಗಿದಿರಬೇಕು. ಹಳೆಯ ಒಂಟಿನಳಿಗೆ ಕೋವಿಯಲ್ಲಿ ಈ ಎಲ್ಲ ಕೆಲಸವನ್ನು ಮನುಷ್ಯನ ಕೈ ಮಾಡುತ್ತದೆ. ಹಾಗಾಗಿಯೇ ಅದು ನಿಧಾನ, ಹಾಗಾಗಿಯೇ ಅದು ನಂಬಿಕಸ್ಥ. ಸೆಮಿ ಆಟೊಮ್ಯಾಟಿಕ್ ಎಂದರೆ ಕೈಯ ಕೆಲಸವನ್ನು ಸ್ಪ್ರಿಂಗಿಗೂ ತೆಳುವಾದ ತಗಡಿನ ತುಟಿಗಳಿಗೂ ಒಪ್ಪಿಸಿದ್ದು. ಆ ತುಟಿ ಕೂದಲೆಳೆಯಷ್ಟು ಅಗಲಿದರೂ ಸಾಕು, ತೋಟಾ ತಪ್ಪು ಕೋನದಲ್ಲಿ ಎದ್ದು ಸಿಕ್ಕಿಕೊಳ್ಳುತ್ತದೆ. .32 ತೋಟಾಕ್ಕಂತೂ ಬುಡದಲ್ಲಿ ಸಣ್ಣ ಅಂಚು ಬೇರೆ ಇದೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಒಂದಕ್ಕೊಂದು ಬೀಗ ಹಾಕಿಕೊಂಡಂತೆ.

ಎದುರು ಪಕ್ಷದಲ್ಲಿ ಸತ್ಯವೇ ಇಲ್ಲ ಎನ್ನುವುದಿಲ್ಲ. ಹೊಸ ಯಂತ್ರದಲ್ಲಿ ಅರದ ಗೀರುಗಳಿರುತ್ತವೆ, ಹೊಸ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಕೆಲವು ನೂರು ಗುಂಡಿನ ನಂತರ ಉಜ್ಜುವ ಮೈಗಳು ನಯವಾಗುತ್ತವೆ. ಅಮೆರಿಕದ ಕೆಲವು ದುಬಾರಿ 1911 ಮಾದರಿಯ ತಯಾರಕರು 400–500 ಗುಂಡು ಹೊಡೆದ ಮೇಲಷ್ಟೇ ದೂರು ತನ್ನಿ ಎಂಬ ಧಾಟಿಯಲ್ಲಿ ಬರೆಯುತ್ತಾರೆ. ಗುರಿ ನಿಖರವಾಗಿರಲೆಂದು ಭಾಗಗಳನ್ನು ಬಿಗಿಯಾಗಿ ಕೂರಿಸಿದ್ದೇವೆ ಎಂಬುದು ಸಮರ್ಥನೆ. ಇರಲಿ. ಆದರೆ ಕೊನೆಯ ಆ ಒಪ್ಪ ಕೊಡುವ ಕೆಲಸ ಯಾರದು? ಅಷ್ಟು ಬೆಲೆ ತೆಗೆದುಕೊಂಡ ಬಡಗಿ ಕುರ್ಚಿಗೆ ಉಜ್ಜುಕಾಗದ ಹಾಕದೆ, 'ಆರು ತಿಂಗಳು ಕೂತರೆ ನಿಮ್ಮ ಪಂಚೆಯೇ ಉಜ್ಜಿ ನಯ ಮಾಡುತ್ತದೆ' ಎಂದರೆ ಒಪ್ಪುತ್ತೀರಾ?

ತಮಾಷೆ ಏನೆಂದರೆ ಇವರೆಲ್ಲ ಹೆಸರು ಹೇಳಿ ಬದುಕುವ ಮೂಲ 1911 ಪಿಸ್ತೂಲಿಗೆ ಇಂಥ ರಿಯಾಯಿತಿ ಯಾರೂ ಕೊಟ್ಟಿರಲಿಲ್ಲ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಪಿಸ್ತೂಲಿನಿಂದ ಎರಡು ದಿನಗಳಲ್ಲಿ 6,000 ಗುಂಡು ಹೊಡೆಸಿತು. ಕಾದು ಮುಟ್ಟಲಾಗದಂತಾದಾಗ ನೀರಿಗೆ ಅದ್ದಿ ತಣಿಸಿದರು, ಸಾವಿರ ಗುಂಡಿಗೊಮ್ಮೆ ಒರೆಸಿ ಎಣ್ಣೆ ಹಾಕಿದರು. ಒಮ್ಮೆಯೂ ನಿಲ್ಲಲಿಲ್ಲ. ಪ್ರತಿಸ್ಪರ್ಧಿ ಸ್ಯಾವೇಜ್ 37 ಬಾರಿ ಎಡವಿತು, ಮನೆಗೆ ಹೋಯಿತು. ಅದೇ ತಿಂಗಳ 29ರಂದು ಕೋಲ್ಟ್ ಸೇನೆಯ ಪಿಸ್ತೂಲಾಯಿತು. ಮುಂದೆ 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ ಪಿಸ್ತೂಲು ನೋಡಲು ಇಟ್ಟಿಗೆಯಂತಿತ್ತು, ಹಿಡಿ ಪ್ಲಾಸ್ಟಿಕ್ಕಿನದು. ಆದರೂ ಅದರ ಕೀರ್ತಿಯೆಲ್ಲ ಪೆಟ್ಟಿಗೆಯಿಂದ ತೆಗೆದ ಕ್ಷಣದಿಂದ ಓಡುತ್ತದೆ ಎಂಬುದರ ಮೇಲೇ ನಿಂತಿದೆ.

ಇನ್ನು ನಮ್ಮ ದೇಶದ ವಿಶೇಷ. ವಿದೇಶಿ ಬಂದೂಕುಗಳನ್ನು ಸಾಮಾನ್ಯ ಜನ ಆಮದು ಮಾಡಿಕೊಳ್ಳುವುದು ಎಂಬತ್ತರ ದಶಕದಲ್ಲೇ ನಿಂತಿತು. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ಒಂದಿಷ್ಟು ಅವಕಾಶ. ಹಾಗಾಗಿ ಅದಕ್ಕೂ ಮೊದಲು ಬಂದ ಪಿಸ್ತೂಲುಗಳು ಕೈಯಿಂದ ಕೈಗೆ ಲಕ್ಷಗಳಲ್ಲಿ ದಾಟುತ್ತವೆ. ಹೊರದೇಶದಲ್ಲಿ ಹಳೆಯ ಸಾಮಾನಿನಂಗಡಿಯ ಮೂಲೆಯಲ್ಲಿರುವಂಥದ್ದು ಇಲ್ಲಿ ರಾಜಮರ್ಯಾದೆ ಪಡೆಯುತ್ತದೆ. ಆ ಬೆಲೆ ಕಾನೂನಿನ ಬೆಲೆ, ಕೊರತೆಯ ಬೆಲೆ. ಅದರಲ್ಲಿ ಗುಣಕ್ಕೆ ಕೊಟ್ಟ ಪಾಲು ಎಷ್ಟೆಂದು ಕೇಳಿದರೆ ಮಾರುವವರು ಗುರಾಯಿಸುತ್ತಾರೆ. ಮೇಲಾಗಿ, 'ಇನ್ನೂರು ಗುಂಡು ಹೊಡೆಯಿರಿ' ಎನ್ನುವುದು ಡಬ್ಬಿಗಟ್ಟಲೆ ತೋಟಾ ಅಂಗಡಿಯಲ್ಲಿ ಸಿಗುವ ದೇಶದ ಮಾತು. ನಮ್ಮಲ್ಲಿ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಪ್ರತಿಯೊಂದಕ್ಕೂ ಲೆಕ್ಕ ಬರೆಯಬೇಕು, ಹೊಡೆಯಲು ದೂರದ ರೇಂಜಿಗೆ ಹೋಗಬೇಕು. ಆ ಸಲಹೆಯನ್ನು ಪಾಲಿಸುವಷ್ಟರಲ್ಲಿ ಮಾರಿದವನು ಫೋನ್ ಎತ್ತುವುದನ್ನೇ ಬಿಟ್ಟಿರುತ್ತಾನೆ. ಉದ್ದೇಶವೂ ಅದೇ ಇರಬಹುದು.

ಗುಂಡು ಹೊಡೆದು ನೋಡಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಪರೀಕ್ಷೆಯೆಂದು. ಪಳಗಿಸುವವನು ತಡೆಯನ್ನು ಕ್ಷಮಿಸುತ್ತಾ ಹೋಗುತ್ತಾನೆ, ಪರೀಕ್ಷಿಸುವವನು ಎಣಿಸುತ್ತಾ ಹೋಗುತ್ತಾನೆ. ಎಣಿಕೆಗೂ ಒಂದು ಲೆಕ್ಕಾಚಾರವಿದೆ. 50 ಗುಂಡು ತಡೆಯಿಲ್ಲದೆ ಹೋದರೆ 'ಪಾಸ್' ಎಂದು ಕುಣಿಯುತ್ತೇವಲ್ಲ, ಸಂಖ್ಯಾಶಾಸ್ತ್ರದ ಸರಳ ನಿಯಮದಂತೆ 3ನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಅಂದರೆ ಅದು ನೂರಕ್ಕೆ 6 ಬಾರಿಯವರೆಗೂ ಕೈಕೊಡುವಂಥದ್ದಾಗಿರಬಹುದು, 50 ಗುಂಡಿನಿಂದ ಅದಕ್ಕಿಂತ ಹೆಚ್ಚಿನ ಭರವಸೆ ಸಿಗುವುದಿಲ್ಲ. 200 ಗುಂಡು ತಡೆಯಿಲ್ಲದೆ ಹೋದರೂ ಆ ಅನುಮಾನ ಒಂದೂವರೆಗೆ ಇಳಿಯುತ್ತದೆ ಅಷ್ಟೆ. ಇನ್ನು ಆ 200ರ ನಡುವೆ ಸಿಕ್ಕಿಕೊಂಡವನ್ನೆಲ್ಲ 'ಪಳಗುವ ಹಂತ' ಎಂದು ಲೆಕ್ಕದಿಂದ ತೆಗೆದರೆ ಕೈಯಲ್ಲಿ ಉಳಿಯುವುದು ಬರೀ ಸೊನ್ನೆ. ಪಿಸ್ತೂಲನ್ನು ಮನುಷ್ಯ ಇಟ್ಟುಕೊಳ್ಳುವುದು ಜೀವಕ್ಕೆ ಕುತ್ತು ಬರಬಹುದೆಂಬ ಭಯದಿಂದ. ಆ ಹೊತ್ತಿಗೆ ಎರಡನೇ ಅವಕಾಶ ಇರುವುದಿಲ್ಲ. ಇಷ್ಟಕ್ಕೂ ಸಿಕ್ಕಿಕೊಂಡ ಪಿಸ್ತೂಲನ್ನು ಮತ್ತೆ ಮತ್ತೆ ಬಿಡಿಸಿ ಹೊಡೆಯುವುದೇ ಅಪಾಯ. ಬಲಹೀನ ತೋಟಾದ ಗುಂಡು ನಳಿಗೆಯೊಳಗೇ ಉಳಿದಿದ್ದು, ಗಮನಿಸದೆ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. 'ಹೊಡೆಯುತ್ತಾ ಇರಿ' ಎನ್ನುವವರು ಆಗ ಆ ಕೈಯ ಪಕ್ಕದಲ್ಲಿ ಇರುವುದಿಲ್ಲ.

ಕೊಡಗಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಮಾರ್ಕ್ ಕಬ್ಬನ್ ಕಾಲದಲ್ಲಿ, 1861ರಲ್ಲಿ ಸಿಕ್ಕ ಕೋವಿಯ ವಿನಾಯಿತಿ ಇವತ್ತಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಮಗು ಹುಟ್ಟಿದಾಗ, ಸತ್ತಾಗ, ಪುತ್ತರಿಯ ಕದಿರು ಕೊಯ್ಯುವಾಗ ಕೋವಿ ಸದ್ದು ಮಾಡುವ ಈ ನಾಡಿನಲ್ಲಿ ನಾನು ಒಮ್ಮೆಯೂ 'ಕೋವಿ ಇನ್ನೂ ಪಳಗಿಲ್ಲ' ಎಂಬ ಮಾತು ಕೇಳಿಲ್ಲ. ಕೇಳಿರುವುದು, 'ಒರೆಸಿದ್ದೀಯಾ?' ಎಂಬ ಪ್ರಶ್ನೆ. ನಾಟಿ ಮುಗಿದು, ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಪೊಳ್ದ್ ಬರುತ್ತದೆ. ಕೋವಿಯನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಸಿಕ್ಕಿಸಿ ಪೂಜೆಗಿಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ. ಮಳೆಗಾಲದ ತುಕ್ಕು ಒಳಗೆ ಇಳಿಯುವ ಹೊತ್ತಿಗೆ ಸರಿಯಾಗಿ ಹಬ್ಬ. ಹೂವನ್ನು ಬದಿಗಿಟ್ಟು ನೋಡಿದರೆ ಅದು ವಾರ್ಷಿಕ ತಪಾಸಣೆ. ಪೂಜೆ ಮಾಡುವವರು ವಸ್ತುವನ್ನು ಕುರುಡಾಗಿ ನಂಬುತ್ತಾರೆ ಎಂದು ಪೇಟೆಯ ವಿದ್ಯಾವಂತರು ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಕುರುಡು ನಂಬಿಕೆ ಇರುವುದು ಬೆಲೆಚೀಟಿ ನೋಡಿ ಕೈಮುಗಿಯುವವರಲ್ಲಿ.

ಮಾವನ ಪಿಸ್ತೂಲಿನ ಕಥೆ ಹೇಳಿ ಮುಗಿಸುತ್ತೇನೆ. ಎಪ್ಪತ್ತಕ್ಕೂ ಹೆಚ್ಚು ತೋಟಾ ದಂಡವಾದ ಮೇಲೆ, ಅತ್ತೆಯ ಬೈಗುಳ ತಾಳಲಾರದೆ, ಒಬ್ಬ ಹಳೆಯ ಕಸುಬುದಾರರ ಬಳಿ ಒಯ್ದರು. ಅವರು ಪಿಸ್ತೂಲನ್ನು ಮುಟ್ಟುವ ಮೊದಲೇ ಮ್ಯಾಗಜಿನ್ ಕೈಗೆ ತೆಗೆದುಕೊಂಡರು, ಬೆಳಕಿಗೆ ಹಿಡಿದರು, ನಕ್ಕರು. ಒಂದು ತುಟಿ ಅಗಲಿತ್ತು. ಸ್ಪ್ರಿಂಗ್ ದಶಕಗಳ ಕಾಲ ಒತ್ತಿಕೊಂಡೇ ಇದ್ದು ಸೋತಿತ್ತು. ಸ್ಲೈಡಿನ ಹಾದಿಯಲ್ಲಿ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಆ ಸಂಜೆಯೇ ಕೆಲಸ ಮುಗಿಯಿತು, ಅವರು ತೆಗೆದುಕೊಂಡ ಮಜೂರಿ ಒಂದು ಡಬ್ಬಿ ತೋಟಾದ ಬೆಲೆಗಿಂತ ಕಡಿಮೆ.

ಈಗ ಮಾವ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ತಾರೀಕು, ಹೊಡೆದ ಗುಂಡು, ತಡೆ. ಕೊನೆಯ ಸಲ ನಾನು ನೋಡಿದಾಗ ಎರಡನೇ ಕಾಲಂನ ಮೊತ್ತ 118, ಮೂರನೆಯದು ಖಾಲಿ. 'ಈಗಲಾದರೂ ನಂಬುತ್ತೀರಾ?' ಎಂದು ಕೇಳಿದೆ. 'ಇನ್ನೂ ಇಲ್ಲ' ಎಂದು ಪುಸ್ತಕ ಮುಚ್ಚಿ, ಬೀರುವಿನಲ್ಲಿಟ್ಟು, ಮಳೆ ನೋಡಲು ಜಗುಲಿಗೆ ಹೋದರು.