ಹೊಟ್ಟೆಯ ಸುತ್ತಳತೆ, ಧಮನಿಯ ಬಿಗುವು

ಹೊಟ್ಟೆ ಮುಂದೆ ಬಂದವನನ್ನು ‘ಸುಖಪುರುಷ’ ಎಂದು ಕೊಂಡಾಡುವ ವಾಡಿಕೆ ಈ ನಾಡಿನಲ್ಲಿ ಹಳೆಯದು. ಕೆಲಸ ಖಾಯಮಾಯಿತು, ಮದುವೆಯಾಯಿತು, ಮೈ ತುಂಬಿಕೊಂಡಿತು ಎಂದರೆ ಹೆತ್ತವರಿಗೂ ಸಮಾಧಾನ. ಈ ಸಮಾಧಾನಕ್ಕೆ ಹೃದಯ ತೆರುವ ಸುಂಕವೆಷ್ಟೆಂಬುದನ್ನು ವೈದ್ಯಶಾಸ್ತ್ರ ಈಗ ಸಾಕಷ್ಟು ಸ್ಪಷ್ಟವಾಗಿ ಹೇಳಬಲ್ಲುದು.

ಬೆಂಗಳೂರಿನ ದಂಡುಪ್ರದೇಶದಲ್ಲಿ, ಹಲಸೂರು ಕೆರೆಗೆ ಸಮೀಪದಲ್ಲಿರುವ ಮರ್ಫಿ ಟೌನಿನಂಥ ಹಳೆಯ ಬಡಾವಣೆಯನ್ನೇ ನೋಡಬಹುದು. ಈ ಭಾಗದಿಂದ ಹಳೆಯ ಮದರಾಸು ರಸ್ತೆ ಹಿಡಿದು ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಗೆ ಸೈಕಲ್ಲು ತುಳಿಯುತ್ತಿದ್ದ ತಲೆಮಾರೊಂದಿತ್ತು. ಕಾರ್ಖಾನೆ 2002ರಲ್ಲಿ ಮುಚ್ಚಿತು. ಸೈಕಲ್ಲೂ ಮೂಲೆ ಸೇರಿತು. ಇಂದು ಮಗ ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುತ್ತಾನೆ. ಆದರೂ ತಂದೆ ದರ್ಜಿಗೆ ಬರೆಸುತ್ತಿದ್ದ 34 ಅಂಗುಲದ ಷರಾಯಿಯೇ ಮಗನಿಗೂ ಸರಿಹೋಗುತ್ತದೆ. ಗುಟ್ಟು ಇಷ್ಟೆ: ತಂದೆ ಷರಾಯಿಯನ್ನು ಹೊಕ್ಕುಳ ಮಟ್ಟಕ್ಕೆ ಕಟ್ಟುತ್ತಿದ್ದ, ಮಗ ಹೊಟ್ಟೆಯ ಕೆಳಗೆ ಕಟ್ಟುತ್ತಾನೆ. ಅಳತೆ ಒಂದೇ, ದೇಹ ಬೇರೆ.

ತೂಕದ ಯಂತ್ರವೂ ಇದೇ ರೀತಿ ವಂಚಿಸುವುದುಂಟು. ಕಿಲೋಗ್ರಾಮಿನಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು ಕೊಟ್ಟವನು ಬೆಲ್ಜಿಯಮ್ಮಿನ ಗಣಿತಜ್ಞ ಕೆಟಲೆ. ಆತ ವೈದ್ಯನಲ್ಲ, ಸ್ಥೂಲಕಾಯವನ್ನು ಅಳೆಯುವ ಉದ್ದೇಶವೂ ಆತನಿಗಿರಲಿಲ್ಲ. ಈ ಲೆಕ್ಕ ಕೊಬ್ಬನ್ನೂ ಸ್ನಾಯುವನ್ನೂ ಬೇರ್ಪಡಿಸಿ ತೋರಿಸದು. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ಪ್ರಾಧ್ಯಾಪಕ ಯುಡ್ಕಿನ್ನರೂ ತಮ್ಮನ್ನೇ ಪರೀಕ್ಷೆಗೊಡ್ಡಿಕೊಂಡು ಇದನ್ನು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3; ಪಟ್ಟಿಯ ಪ್ರಕಾರ ಇಬ್ಬರೂ ಆರೋಗ್ಯವಂತರು. ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರು ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಓಡುವವರು ಎಂದು ಅವರೇ ವಿನೋದ ಮಾಡಿಕೊಂಡಿದ್ದರು. ವಿನೋದ ಹಾಗಿರಲಿ, ತೆಳ್ಳಗೆ ಕಾಣುವ ಭಾರತೀಯನ ಒಳಗೂ ಕೊಬ್ಬು ಅಡಗಿರಬಹುದೆಂಬುದು ಇದರಿಂದ ಬಯಲಾಯಿತು.

ಆ ಕೊಬ್ಬು ಎಲ್ಲಿ ನೆಲಸಿದೆ ಎಂಬುದೇ ಮುಖ್ಯ ಪ್ರಶ್ನೆ. ತೊಡೆ, ನಿತಂಬಗಳ ಕೊಬ್ಬು ಅಷ್ಟೇನೂ ಉಪದ್ರವಕಾರಿಯಲ್ಲ. ಕರುಳಿನ ಸುತ್ತ, ಯಕೃತ್ತಿನ ಬಳಿ ಶೇಖರವಾಗುವುದು ಕೆಡುಕಿನದು. ಅದು ಸುಮ್ಮನೆ ಕುಳಿತಿರುವ ದಾಸ್ತಾನಲ್ಲ. ಮೇದಾಮ್ಲಗಳನ್ನೂ ಉರಿಯೂತ ಹುಟ್ಟಿಸುವ ದ್ರವ್ಯಗಳನ್ನೂ ರಕ್ತಕ್ಕೆ ಸುರಿಯುತ್ತಿರುತ್ತದೆ. ಇನ್ಸುಲಿನ್ ತನ್ನ ಕೆಲಸವನ್ನು ಸಮರ್ಪಕವಾಗಿ ಮಾಡಲಾರದು. ರಕ್ತನಾಳಗಳ ಒಳಪದರ ನಾಳವನ್ನು ಸಡಿಲಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಆರೋಗ್ಯವಂತನ ಮಹಾಧಮನಿ ರಬ್ಬರಿನಂತೆ ಹಿಗ್ಗುತ್ತದೆ. ಹೃದಯ ಮಿಡಿದಾಗ ರಕ್ತದ ಒಂದು ಪಾಲನ್ನು ತನ್ನಲ್ಲೇ ತಡೆಹಿಡಿದು, ಹೃದಯ ವಿಶ್ರಮಿಸುವಾಗ ಮುಂದೂಡುತ್ತದೆ. 1733ರಲ್ಲಿಯೇ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಇದನ್ನು ಬೆಂಕಿ ಆರಿಸುವ ಯಂತ್ರದ ಗಾಳಿಗೂಡಿಗೆ ಹೋಲಿಸಿದ್ದ. ಧಮನಿಗೆ ಈ ಸ್ಥಿತಿಸ್ಥಾಪಕ ಗುಣವನ್ನು ಕೊಡುವ ಎಲಾಸ್ಟಿನ್ ಎಂಬ ನಾರು ಬಹುಮಟ್ಟಿಗೆ ಬಾಲ್ಯದಲ್ಲೇ ತಯಾರಾಗುವಂಥದು. ಸವೆದುದನ್ನು ದೇಹ ಮತ್ತೆ ತುಂಬಿಕೊಡುವುದು ಬಲು ಕಡಿಮೆ. ವಯಸ್ಸು ಅದನ್ನು ಹೇಗೂ ಸವೆಸುತ್ತದೆ. ಬೊಜ್ಜು, ಸಿಹಿಮೂತ್ರ, ಹೊಗೆಸೊಪ್ಪುಗಳು ಆ ಸವೆತಕ್ಕೆ ವೇಗ ಕೊಡುತ್ತವೆ.

ಧಮನಿ ಬಿಗಿದಷ್ಟೂ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಕುತ್ತಿಗೆಯಿಂದ ತೊಡೆಯ ಸಂದಿನವರೆಗೆ ಈ ವೇಗವನ್ನು ಅಳೆಯುವ ಯಂತ್ರಗಳಿವೆ. ಸೆಕೆಂಡಿಗೆ 10 ಮೀಟರಿಗಿಂತ ಹೆಚ್ಚಾದರೆ ಅಪಾಯದ ಸೂಚನೆ. ಅಂಥ ಯಂತ್ರವಿಲ್ಲದ ಕಡೆಯೂ ರಕ್ತದೊತ್ತಡದ ಚೀಟಿ ಕೊಂಚ ಸುಳಿವು ಕೊಡುತ್ತದೆ. ವಯಸ್ಸಾದವರಲ್ಲಿ ಮೇಲಿನ ಅಂಕಿ 160ಕ್ಕೇರಿ ಕೆಳಗಿನದು 75ರಲ್ಲೇ ಉಳಿದರೆ, “ಕೆಳಗಿನದು ಚೆನ್ನಾಗಿದೆಯಲ್ಲ” ಎಂದು ಮನೆಯವರು ನೆಮ್ಮದಿ ತಾಳುವುದುಂಟು. ಎರಡರ ನಡುವಣ ಅಂತರ ಹಿಗ್ಗಿದುದೇ ಧಮನಿ ಬಿಗಿದುದರ ಕುರುಹು. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಹೆಚ್ಚಾಗಿ ದೊರೆಯುವುದು ಅದರ ವಿಶ್ರಾಂತಿಯ ಕ್ಷಣದಲ್ಲಿ. ಆಗಿನ ಒತ್ತಡ ಕುಸಿದರೆ ದುಡಿಯುವವನಿಗೇ ಅನ್ನ ಕಡಿಮೆ ಬಡಿಸಿದಂತೆ.

ಈ ಬಿಗುವು ಹುಟ್ಟಿನಿಂದಲೇ ಬರುವುದೇ? ಇಂಗ್ಲೆಂಡಿನ ಷೆಫೀಲ್ಡಿನಲ್ಲಿ, ಸಣ್ಣ ಶಿಶುಗಳಾಗಿ ಜನಿಸಿದವರ ಧಮನಿ ಮುಂದೆ ಹೆಚ್ಚು ಬಿಗಿಯಾಗಿದ್ದುದು ಕಂಡುಬಂದಿತ್ತು. ಇದನ್ನು ಕನ್ನಡನಾಡಿನಲ್ಲಿ ಪರೀಕ್ಷಿಸಲು ಒದಗಿದುದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯ, ಹಳೆಯ ಹೆರಿಗೆ ದಾಖಲೆಗಳು. ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಅಲ್ಲಿ 1934ರಿಂದ ಬರೆದಿಟ್ಟಿದ್ದರು. ಅಂದು ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಿಂದ ಜನಿಸಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ತಿಳಿಯಿತು. ಆದರೆ ಧಮನಿಯ ಬಿಗುವಿಗೂ ಹುಟ್ಟಿನ ಅಳತೆಗೂ ಸಂಬಂಧ ಕಾಣಲಿಲ್ಲವೆಂದು 2000ದ ವರದಿ ತಿಳಿಸಿತು. ಷೆಫೀಲ್ಡಿನ ನಿಯಮ ಮೈಸೂರಿಗೆ ಹೊಂದಲಿಲ್ಲ. ತೊಟ್ಟಿಲಿನ ಮೇಲೆಯೇ ತಪ್ಪು ಹೊರಿಸಿ ಕೈಕಟ್ಟಿ ಕೂರಲು ಇಲ್ಲಿ ಆಸ್ಪದವಿಲ್ಲ.

ಆದುದರಿಂದ ಅಳೆಯಬೇಕಾದುದು ಈಗಿನ ನಡು. ಪಕ್ಕೆಲುಬಿನ ಕೆಳತುದಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಬರಿಯ ಮೈಮೇಲೆ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸಹೋಗುವವರು ಅಳೆಸಿಕೊಂಡವರೇ. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಎಂಬುದು ತಜ್ಞರು ಹಾಕಿದ ಗಡಿ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬುದು ಇನ್ನೂ ಸುಲಭವಾದ ಸೂತ್ರ. 5 ಅಡಿ 4 ಅಂಗುಲದವರಿಗೆ 32 ಅಂಗುಲ.

ಗಡಿ ದಾಟಿದವರು ಹತಾಶರಾಗಬೇಕಿಲ್ಲ. ಮುರಿದ ಎಲಾಸ್ಟಿನ್ ಮರಳದಿದ್ದರೂ, ತೂಕ ಇಳಿದಾಗ ನಾಡಿಯ ಅಲೆಯ ವೇಗ ತಗ್ಗಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ನಡಿಗೆಯಂಥ ನಿಯತ ವ್ಯಾಯಾಮವೂ ಧಮನಿಗೆ ಹಿತಕರ. ಆದರೆ ಯಜಮಾನರ ರಕ್ತದೊತ್ತಡ ನೋಡಿಸುವ ಮನೆಗಳಲ್ಲಿ ಗೃಹಿಣಿಯ ಸರದಿ ಬರುವುದು ಕೊನೆಗೆ. ಸೀರೆಗೆ ದರ್ಜಿಯ ಅಳತೆ ಬೇಡವಾದುದರಿಂದ ಆಕೆಯ ನಡು ಹಿಗ್ಗಿದುದು ಆಕೆಗೇ ತಿಳಿಯದು. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ, ಧಮನಿಯೂ ಬೇಗ ಬಿಗಿಯತೊಡಗುತ್ತದೆ. ಮನೆಯಲ್ಲಿ ಟೇಪು ತೆಗೆದಾಗ ಅದು ಮೊದಲು ಆಕೆಯ ಕೈ ಸೇರಲಿ.